ಅಗರದ ಮನೆಯ ಹಳೇ ವಾಲ್ವು

ಇದನ್ನು ಬರೆಯಬೇಕೆಂದುಕೊಂಡು ಮುಂದಕ್ಕೆ ಹಾಕಿದ್ದೇ ಹಾಕಿದ್ದು. ಕಣ್ಣಿನ ಪೊರೆ ತೆಗೆಸಿದ ಮೇಲೆ ಬರೆಯೋಣ ಎಂದೆ, ತೆಗೆಸಿದ್ದಾಯಿತು. ಕನ್ನಡಕ ಬರಲಿ ಎಂದೆ, ಬಂತು. ಮೊಮ್ಮಗಳ ಮದುವೆ ಮುಗಿಯಲಿ ಎಂದೆ. ಅವಳಿಗೀಗ ಮಗುವೂ ಆಗಿದೆ. ನೆಪಕ್ಕೆ ನನ್ನಲ್ಲಿ ಯಾವತ್ತೂ ಬರವಿರಲಿಲ್ಲ. ರೇಡಿಯೊ ಯಾಕೆ ಇನ್ನೂ ರಿಪೇರಿಯಾಗಿಲ್ಲ ಎಂದು ಕೇಳಿದವರಿಗೆಲ್ಲ ಸಾಮಾನು ಬರಬೇಕು ಎಂದು ಹೇಳಿಯೇ ಅರ್ಧ ಆಯುಸ್ಸು ಕಳೆದವನು ನಾನು.

ಈಗ ಕೂತದ್ದಕ್ಕೆ ಕಾರಣ ಇಬ್ಬರು ಹುಡುಗರು. ಇಬ್ಬರೂ ಕೊಳ್ಳೇಗಾಲದವರೇ. ವಾಲ್ವಿನ ಆಂಪ್ಲಿಫೈಯರ್ ಕಟ್ಟುವ ಕೆಲಸಕ್ಕೆ ಇಳಿದಿದ್ದಾರೆ. ನಾವು ಗುಜರಿಗೆ ಹಾಕಿದ ವಸ್ತುವನ್ನು ಈಗಿನವರು ನಡುಮನೆಯಲ್ಲಿ ಮೆರೆಸಿ ಹಾಡು ಕೇಳುತ್ತಾರಂತೆ. ಹೊಸ ವಾಲ್ವುಗಳು ಚೀನಾದಿಂದ, ರಷ್ಯಾದಿಂದ ಬರುತ್ತವೆ. ಹಳೆಯವನ್ನು ಊರೂರು ಹುಡುಕಬೇಕು. ಎರಡರಲ್ಲಿ ಯಾವುದು ಮೇಲು ಎಂದು ಕೇಳಲು ಬಂದಿದ್ದರು. ನನಗೆ ತಿಳಿದಷ್ಟು ಹೇಳಿದೆ. ಹೊರಡುವಾಗ ಚಿಕ್ಕವನು ಚಪ್ಪಲಿ ಮೆಟ್ಟುತ್ತಾ ನಕ್ಕ.

"ಸಾ, ಆ ಹುಣಸೇಹಣ್ಣಿನ ಕತೆ ನಿಮ್ ಬಾಯಲ್ಲೇ ಒಂದ್ಸಲ ಯೋಳ್ಬುಡಿ ಸಾ. ಅಗರದ ಸೊಸೆ ರೇಡಿಯೊ ವಾಲ್ವ್‌ಗಳ್ನೆಲ್ಲ ಕಿತ್ತು, ಹುಣಸೇಹಣ್ಣು ಹಾಕಿ, ಚೊಂಬು ಬೆಳಗ್ದಂಗೆ ಬೆಳಗಿದ್ಲಂತಲ್ಲ?"

ಅವನಿಗೆ ಅದನ್ನು ಹೇಳಿದವನು ಅವನ ಸೋದರಮಾವ. ಸೋದರಮಾವನಿಗೆ ಇನ್ಯಾರೋ. ಹೀಗೇ ಹಿಂದಕ್ಕೆ ಹುಡುಕಿಕೊಂಡು ಹೋದರೆ ಆ ಕತೆ ಕೊನೆಗೆ ನನ್ನ ಬಾಯಿಗೆ ಬಂದು ನಿಲ್ಲುತ್ತದೆ. ಅದನ್ನು ಕಟ್ಟಿದವನು ನಾನು. ಆ ಹೆಂಗಸು ಯಾವ ವಾಲ್ವನ್ನೂ ಹುಣಸೇಹಣ್ಣು ಹಾಕಿ ಬೆಳಗಲಿಲ್ಲ. ಹುಡುಗರಿಗೆ ಅಷ್ಟು ಹೇಳುವ ಧೈರ್ಯ ಅವತ್ತೂ ಬರಲಿಲ್ಲ. ನಾನೂ ನಕ್ಕು ಕಳಿಸಿಕೊಟ್ಟೆ. ಅವರು ಕೇಳಿದ ಎರಡು ಪ್ರಶ್ನೆಗೂ ಉತ್ತರ ಇಲ್ಲಿದೆ. ಎರಡೂ ಒಂದೇ ವಾಲ್ವಿನ ಕತೆ.

ನಾನು ಎಸ್ಸೆಸ್ಸೆಲ್ಸಿ ಮುಗಿಸಿ ರಾಚಪ್ಪನವರ ರೇಡಿಯೊ ಅಂಗಡಿಗೆ ಸೇರಿದ ವರ್ಷವೇ ಕೊಳ್ಳೇಗಾಲ ಮದರಾಸು ರಾಜ್ಯ ಬಿಟ್ಟು ಮೈಸೂರಿಗೆ ಸೇರಿತು. ಊರಿನವರೆಲ್ಲ ಏನೇನೋ ಲೆಕ್ಕ ಹಾಕುತ್ತಿದ್ದರೆ ರಾಚಪ್ಪನವರಿಗೆ ಇದ್ದದ್ದು ಒಂದೇ ಚಿಂತೆ. ಇನ್ನು ಮುಂದೆ ಗಿರಾಕಿಗಳಿಗೆ ಸಾಮಾನು ಮದರಾಸಿನಿಂದ ಬರಬೇಕು ಎನ್ನಬೇಕೋ, ಬೆಂಗಳೂರಿನಿಂದ ಬರಬೇಕು ಎನ್ನಬೇಕೋ? ಕೊನೆಗೆ ಮದರಾಸನ್ನೇ ಉಳಿಸಿಕೊಂಡರು. ಅದು ದೂರ, ಕೇಳಿದವರಿಗೆ ಸಿಟ್ಟು ಬೇಗ ಬರುವುದಿಲ್ಲ ಎಂಬುದು ಅವರ ವಾದ.

ಕೊಯಮತ್ತೂರಿನಲ್ಲಿ ಕೆಲಸ ಕಲಿತ ಮನುಷ್ಯ. ಹಣೆ ತುಂಬ ವಿಭೂತಿ, ಕಿವಿಯ ಮೇಲೆ ಸೀಸದ ಕಡ್ಡಿ. ಆ ಕಡ್ಡಿಯಿಂದ ಅವರು ಬರೆದದ್ದನ್ನು ನಾನು ನೋಡಿಲ್ಲ. ಅದು ವಾಲ್ವ್ ತಟ್ಟುವ ಕಡ್ಡಿ. ಈಗಿನವರಿಗಾಗಿ ಹೇಳುತ್ತೇನೆ: ವಾಲ್ವು ಎಂದರೆ ಗಾಜಿನ ಬುಡ್ಡಿ. ಒಳಗಿನ ಗಾಳಿ ತೆಗೆದಿರುತ್ತಾರೆ. ಮಧ್ಯದಲ್ಲಿ ಒಂದು ತಂತಿ ಕೆಂಪಗೆ ಕಾಯುತ್ತದೆ. ಅದು ಕಾದ ಮೇಲೇ ರೇಡಿಯೊ ಬಾಯಿ ಬಿಡುವುದು. ಒಂದು ರೇಡಿಯೊದಲ್ಲಿ ಇಂಥವು ನಾಲ್ಕೈದು. ಕೊನೆಯದು ಔಟ್‌ಪುಟ್ ವಾಲ್ವ್, ಸ್ಪೀಕರಿಗೆ ಶಕ್ತಿ ಕೊಡುವುದು ಅದು. ದನಿ ತುಂಬಿ ಬರುವುದೂ ಸೊರಗುವುದೂ ಬಹುಮಟ್ಟಿಗೆ ಅದರ ಕೈಯಲ್ಲಿ. ನಮ್ಮಲ್ಲಿ ಅಳೆಯುವ ಯಂತ್ರ ಇರಲಿಲ್ಲ. ರೇಡಿಯೊ ಹಾಡುತ್ತಿರುವಾಗ ಕಡ್ಡಿಯಿಂದ ಒಂದೊಂದೇ ಬುಡ್ಡಿಯನ್ನು ಮೆಲ್ಲಗೆ ತಟ್ಟಬೇಕು. ಸ್ಪೀಕರಿನಲ್ಲಿ ಟಂಯ್ ಎಂದು ಗಂಟೆ ಬಾರಿಸಿದಂತೆ ಕೇಳಿದರೆ ಒಳಗೆ ಏನೋ ಸಡಿಲ. ನೆತ್ತಿಯ ಮೇಲಿನ ಬೆಳ್ಳಿ ಬಣ್ಣ ಹಾಲಿನಂತೆ ಬಿಳಿಚಿದ್ದರೆ ಗಾಳಿ ಹೊಕ್ಕಿದೆ, ಆಸೆ ಬಿಡಬೇಕು. ಉಳಿದದ್ದಕ್ಕೆ ಕಿವಿಯೇ ಗತಿ.

"ಕಣ್ಣಿಗೆ ಕೆಲ್ಸ ಕೊಡ್ಬ್ಯಾಡ ಕಣ್ಲಾ ಮಾದೇವ" ಎನ್ನುತ್ತಿದ್ದರು ರಾಚಪ್ಪನವರು. "ಎಲ್ಲಾ ವಾಲ್ವೂ ಒಂದೇ ತರ ಉರೀತವೆ. ಸಾಯೋ ವಾಲ್ವೂ ಚೆಂದಾಗೇ ಉರೀತದೆ."

ಮೊದಲ ವರ್ಷ ನಾನು ಕಲಿತದ್ದಕ್ಕಿಂತ ಷಾಕ್ ಹೊಡೆಸಿಕೊಂಡದ್ದು ಹೆಚ್ಚು. ಒಮ್ಮೆ ರೇಡಿಯೊದೊಳಗಿನ ತಗಡಿಗೆ ಕೈ ತಾಗಿ ಹಿಂದಕ್ಕೆ ಹಾರಿ, ಬೆಂಚಿನ ಮೇಲೆ ಕೂತು ಕಾಯುತ್ತಿದ್ದ ಶಾನುಭೋಗರೊಬ್ಬರ ತೊಡೆಯ ಮೇಲೆ ಕೂತಿದ್ದೆ. ಅವರು ನನ್ನನ್ನು ಎತ್ತಿ ಪಕ್ಕಕ್ಕಿಟ್ಟು, ಇನ್ನೂ ಎಷ್ಟು ಹೊತ್ತಾಗುತ್ತದೆ ಎಂದು ರಾಚಪ್ಪನವರನ್ನು ಕೇಳಿದರು.

ನನ್ನ ಕೆಟ್ಟ ಬುದ್ಧಿಗೆ ದಾರಿ ತೋರಿಸಿದ್ದು ಒಂದು ಆಯುಧಪೂಜೆ. ಊರಿನ ರೇಷ್ಮೆ ಸೀರೆ ವ್ಯಾಪಾರಿಯೊಬ್ಬರು ಆ ದಿನ ಮಗ್ಗ, ತಕ್ಕಡಿ, ಸೈಕಲ್ಲು ಎಲ್ಲಕ್ಕೂ ಪೂಜೆ ಮಾಡಿದ ಮೇಲೆ ರೇಡಿಯೊದ ಹಿಂದಿನ ರಟ್ಟು ಬಿಚ್ಚಿ, ಒಂದೊಂದು ವಾಲ್ವಿಗೂ ಮೂರು ಗೆರೆ ವಿಭೂತಿ ಬಳಿದು, ಕುಂಕುಮವಿಟ್ಟು, ನಡುವಿನದಕ್ಕೆ ಸೇವಂತಿಗೆ ಹೂವನ್ನೂ ಮುಡಿಸಿದ್ದರು. ಮಂಗಳಾರತಿಯಾದ ಮೇಲೆ ಸ್ವಿಚ್ ಹಾಕಿದ್ದಾರೆ. ಮೊದಲು ಹೂವಿನ ವಾಸನೆ ಬಂತಂತೆ, ಆಮೇಲೆ ಹೊಗೆ. ನಾನು ಹೋದಾಗ ಮನೆಯವರೆಲ್ಲ ಹೊರಗೆ ನಿಂತಿದ್ದರು. ವಾಲ್ವಿಗೆ ಯಾಕೆ ಸ್ವಾಮಿ ಇದೆಲ್ಲ ಎಂದು ಕೇಳಿದೆ.

"ಸೈಕಲ್ಲಿಗೇ ಇಕ್ದೋನು ಇದುಕ್ ಇಕ್ದೆ ಎಂಗ್ಲಾ ಬುಡ್ಲಿ?" ಎಂದರು. "ಮಾತಾಡೋ ವಸ್ತು. ಬೇಜಾರ್ ಮಾಡ್ಕಂಡ್ರೆ?"

ತಣ್ಣಗಾದ ಮೇಲೆ ಒದ್ದೆ ಬಟ್ಟೆಯಿಂದ ಒರೆಸಿದೆ. ವಿಭೂತಿಯ ಜೊತೆಗೇ ಗಾಜಿನ ಮೇಲೆ ಅಚ್ಚೊತ್ತಿದ್ದ ಕಂಪನಿಯ ಹೆಸರು, ನಂಬರು ಎಲ್ಲ ಅಳಿಸಿ ಬಟ್ಟೆಗೆ ಬಂತು. ನಾನು ಬೆವತುಹೋದೆ. ಯಾವುದು ಯಾವುದೆಂದು ತಿಳಿಯದೆ ತೂತು ನೋಡಿ ಜೋಡಿಸಿ ಸ್ವಿಚ್ ಹಾಕಿದರೆ ರೇಡಿಯೊ ಮೊದಲಿನಂತೆಯೇ ಮಾತಾಡಿತು. ಆ ಸಂಜೆ ನಾನು ತಿಳಿದುಕೊಂಡದ್ದು ಇಷ್ಟು: ಒರೆಸಿದರೆ ಹೆಸರು ಹೋಗುತ್ತದೆ, ವಾಲ್ವಿಗೆ ಏನೂ ಆಗುವುದಿಲ್ಲ. ಮುಂದೆ ನಾನು ಮಾಡಿದ್ದನ್ನು ಓದುವಾಗ ಇದು ನೆನಪಿರಲಿ. ತಿಳಿಯದೆ ಮಾಡಿದೆ ಎಂದು ಹೇಳಿಕೊಳ್ಳುವ ಹಾಗಿಲ್ಲ.

ಆಗ ನಮ್ಮ ದೇಶದಲ್ಲೇ ಮಾಡಿದ ವಾಲ್ವುಗಳು ಬರತೊಡಗಿದ್ದವು. ಜನಕ್ಕೆ ಅವುಗಳ ಮೇಲೆ ನಂಬಿಕೆಯಿಲ್ಲ. ಸೀಮೆ ಮಾಲೇ, ವಿಲಾಯಿತಿಯದೇ ಬೇಕು. ಬಸ್‌ಸ್ಟ್ಯಾಂಡಿನ ಹೋಟೆಲ್ ಸಿದ್ದಯ್ಯನ ಹತ್ತಿರ ರೆಕಾರ್ಡು ಹಾಕುವ ಪೆಟ್ಟಿಗೆ ಇತ್ತು. ಅದಕ್ಕೆ ಹೊಸ ವಾಲ್ವ್ ಹಾಕಿಕೊಟ್ಟಿದ್ದೆ. ಹಾಡು ಬೇಯದ ಅನ್ನದ ಹಾಗೆ ಹಲ್ಲಿಗೆ ಸಿಗುತ್ತದೆ ಎಂದು ದಿನಾ ತಗಾದೆ ಮಾಡುತ್ತಿದ್ದ. ಒಂದು ದಿನ ಪೆಟ್ಟಿಗೆಯ ಹಿಂದೆ ಕೂತು ಅದೇ ವಾಲ್ವನ್ನು ಕರ್ಚೀಫಿನಲ್ಲಿ ಹಿಡಿದು ಕಿತ್ತೆ. ಹೆಬ್ಬೆರಳಿಗೆ ಎಂಜಲು ಹಚ್ಚಿ ಹೆಸರು ಒರೆಸಿದೆ. ಸ್ವಲ್ಪ ಹೊತ್ತು ಸ್ಕ್ರೂಡ್ರೈವರ್ ಕುಟ್ಟಿ ಸದ್ದು ಮಾಡಿ, ಅದನ್ನೇ ಅಲ್ಲೇ ಕೂರಿಸಿದೆ. ಯುದ್ಧಕ್ಕೆ ಮುಂಚಿನ ಮಾಲು, ಅಕ್ಷರ ಕೂಡ ಸವೆದಿದೆ ನೋಡು ಎಂದೆ. ಸಿದ್ದಯ್ಯ ಕಣ್ಣು ಮುಚ್ಚಿ ಕೇಳಿದ. ತಲೆ ತೂಗಿದ.

"ಇದು ಕಣ್ಲಾ ದನಿ ಅಂದ್ರೆ. ಸೀಮೇದು ಸೀಮೇದೇ" ಎಂದು ಒಳಗೆ ತಿರುಗಿ ನನಗೊಂದು ಮಸಾಲೆದೋಸೆ ಹೇಳಿದ.

ಆ ದೋಸೆ ನನ್ನನ್ನು ಕೆಡಿಸಿತು. ಆಮೇಲೆ ಎಷ್ಟು ಮನೆಗಳಲ್ಲಿ ಹೊಸ ವಾಲ್ವಿನ ಹೆಸರು ಒರೆಸಿ ಹಳೆಯದೆಂದು ಹಾಕಿಬಂದೆನೋ. ಕೇಳಿದವರೆಲ್ಲ ಸಂತೋಷಪಟ್ಟರು. ಹಳೆಯದು, ಹೊಸದು ಎಂಬುದು ಅರ್ಧಕ್ಕರ್ಧ ಮನಸ್ಸಿನ ವ್ಯಾಪಾರ ಎಂದು ಇಷ್ಟು ಚೆನ್ನಾಗಿ ತಿಳಿದಿದ್ದ ನಾನೇ ಅದೇ ವ್ಯಾಪಾರದಲ್ಲಿ ಬಿದ್ದೆ. ಎಲ್ಲರಿಗೂ ತಮಾಷೆ ಮಾಡುತ್ತ ಮಾಡುತ್ತ, ನಿಜವಾದ ಹಳೇ ಸೀಮೆ ವಾಲ್ವಿನಲ್ಲಿ ಏನೋ ಇದೆ ಎಂಬ ಹುಚ್ಚು ನನ್ನ ತಲೆಗೇ ಹತ್ತಿತು. ಮನೆಯಲ್ಲಿ ನನಗಾಗಿ ಒಂದು ಆಂಪ್ಲಿಫೈಯರ್ ಕಟ್ಟಿಕೊಂಡಿದ್ದೆ. ಅದಕ್ಕೆ ಒಂದು ಒಳ್ಳೆಯ ಹಳೇ ಔಟ್‌ಪುಟ್ ವಾಲ್ವ್ ಬೇಕಾಗಿತ್ತು.

ಅದು ಇದ್ದದ್ದು ಅಗರದಲ್ಲಿ, ದೊಡ್ಡಬಸಪ್ಪನವರ ಮನೆಯಲ್ಲಿ. ಯಳಂದೂರು ಕಡೆಗೆ ಹೆಸರಾದ ಒಕ್ಕಲು ಮನೆ. ಗದ್ದೆ, ಹಿಪ್ಪುನೇರಳೆ ತೋಟ, ಹಿತ್ತಿಲಲ್ಲಿ ರೇಷ್ಮೆ ಹುಳ ಸಾಕುವ ಮನೆ. ಅವರ ರೇಡಿಯೊ ಅವರ ತಂದೆಯವರು ಮದರಾಸಿನಿಂದ ತಂದದ್ದು. ತೇಗದ ಪೆಟ್ಟಿಗೆ, ಎದೆಯ ಮೇಲೆ ಗೋಣಿಯಂಥ ಬಟ್ಟೆ. ಸ್ವಿಚ್ ಹಾಕಿ ಸ್ವಲ್ಪ ಹೊತ್ತಿಗೆ ಹೊರಡುವ ಆ ದನಿಯನ್ನು ಮೊದಲ ಸಲ ಕೇಳಿದಾಗ ಯಾರೋ ದೊಡ್ಡ ಮನುಷ್ಯರು ಊಟ ಮಾಡಿ ಎಲೆಯಡಿಕೆ ಹಾಕಿಕೊಂಡು ನಿಧಾನವಾಗಿ ಮಾತಾಡಿದಂತೆ ಇತ್ತು. ಅವತ್ತೇ ನನ್ನ ಕಣ್ಣು ಅದರ ಮೇಲೆ ಬಿತ್ತು.

ರೇಡಿಯೊ ಗಂಡಸರದ್ದಾದರೂ ಅದನ್ನು ನೋಡಿಕೊಳ್ಳುತ್ತಿದ್ದದ್ದು ಆ ಮನೆಯ ಸೊಸೆ. ಅಜ್ಜೀಪುರದಿಂದ ಬಂದ ಹೆಣ್ಣಾದ್ದರಿಂದ ಮನೆಯಲ್ಲಿ ಎಲ್ಲರೂ ಆಕೆಯನ್ನು 'ಅಜ್ಜೀಪುರದವಳು' ಎಂದೇ ಕರೆಯುತ್ತಿದ್ದರು. ಮಧ್ಯಾಹ್ನ ಗಂಡಸರು ತೋಟಕ್ಕೆ ಹೋದ ಮೇಲೆ ರೇಡಿಯೊವನ್ನು ಹುಳದ ಮನೆಯ ಕಡೆಗೆ ತಿರುಗಿಸಿ, ತಟ್ಟೆಗಳಿಗೆ ಸೊಪ್ಪು ಹರಡುತ್ತಾ ಕೇಳುತ್ತಿದ್ದಳು. ಬೇಸಾಯದ ಮಾತು, ಹಾಡು, ನಾಟಕ, ಏನು ಬಂದರೂ ಸರಿಯೇ. ಆಕೆಗೆ ಇದ್ದ ಒಂದೇ ಸುಖ ಅದು ಎಂದು ಅತ್ತೆ ಗೌರಮ್ಮನೇ ನನ್ನ ಹತ್ತಿರ ಅಂದಿದ್ದರು. ಒಂದು ಸಲ ಗುಂಯ್ ಶಬ್ದ ಬರುತ್ತದೆಂದು ಕರೆಸಿದಾಗ ಒಳಗೆ ಧೂಳು ಹೆಪ್ಪುಗಟ್ಟಿತ್ತು. ಕಂಡೆನ್ಸರ್ ಬದಲಾಯಿಸಿದೆ. ಹೊರಡುವಾಗ ಆಕೆಗೆ ನಾನೇ ಹೇಳಿದೆ: ಹಬ್ಬಕ್ಕೆ ಮುಂಚೆ ಪ್ಲಗ್ ಕಿತ್ತಿಟ್ಟು, ತಣ್ಣಗಾದ ಮೇಲೆ, ಬಟ್ಟೆ ಚೆನ್ನಾಗಿ ಹಿಂಡಿ ವಾಲ್ವುಗಳನ್ನು ಒರೆಸಿಡಿ. ಆಕೆ ಎರಡು ಸಲ ಕೇಳಿ ಮನದಟ್ಟು ಮಾಡಿಕೊಂಡಳು.

ಹಬ್ಬ ಕಳೆದು ಕೆಲವು ತಿಂಗಳಾದ ಮೇಲೆ ಡಯಲ್ಲಿನ ಮುಳ್ಳು ಎಳೆಯುವ ದಾರ ಕಿತ್ತುಹೋಗಿದೆ ಎಂದು ಕರೆ ಬಂತು. ಹಿಂದಿನ ರಟ್ಟು ತೆಗೆದು ನೋಡುತ್ತೇನೆ: ವಾಲ್ವುಗಳೆಲ್ಲ ಕನ್ನಡಿಯಂತೆ ಹೊಳೆಯುತ್ತಿವೆ. ಒಂದರ ಮೇಲೂ ಅಕ್ಷರವಿಲ್ಲ. ಯಾವ ವಾಲ್ವು ಯಾವ ಕಂಪನಿಯದು ಎಂದು ಯಾರೂ ಹೇಳಲಾರರು. ನನ್ನ ಚೀಲದಲ್ಲಿ ಅದೇ ಜಾತಿಯ ಸತ್ತೆನೋ ಬದುಕಿದೆನೋ ಎನ್ನುವ ಒಂದು ಔಟ್‌ಪುಟ್ ವಾಲ್ವ್ ಇತ್ತು. ಹೆಬ್ಬೆರಳಿನಿಂದ ಅದರ ಹೆಸರನ್ನೂ ಒರೆಸಿದೆ. ಅದನ್ನು ಕೂರಿಸಿದೆ, ಒಳ್ಳೆಯದನ್ನು ಕರ್ಚೀಫಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡೆ. ದಾರವನ್ನೂ ಕಟ್ಟಿಕೊಟ್ಟೆ. ಗೌರಮ್ಮ ಕೊಟ್ಟ ಕಾಫಿ ಕುಡಿದು ಸೈಕಲ್ ಹತ್ತಿದೆ.

ಮಾರನೆಯ ವಾರವೇ ಆಳು ಬಂದ. ರೇಡಿಯೊದ ದನಿ ಸೊರಗಿದೆ, ಜೋರು ಮಾಡಿದರೆ ಗೊರಗೊರ ಎನ್ನುತ್ತದೆ. ಹೋದೆ. ಮನೆಮಂದಿಯೆಲ್ಲ ಪಡಸಾಲೆಯಲ್ಲಿ ಸೇರಿದ್ದರು. ಆ ಹೊತ್ತಿನಲ್ಲಾದರೂ, ಮರೆತು ಬೇರೆಯದು ಹಾಕಿದ್ದೆ ಎಂದು ಒಂದು ಸುಳ್ಳು ಹೇಳಿ ವಾಲ್ವನ್ನು ವಾಪಸು ಹಾಕಬಹುದಿತ್ತು. ಆದರೆ ಅದು ನನ್ನ ಮನೆಯಲ್ಲಿ, ನನ್ನ ಆಂಪ್ಲಿಫೈಯರಿನಲ್ಲಿ ಕೂತಿತ್ತು. ಬಿಟ್ಟುಕೊಡುವ ಮನಸ್ಸಿರಲಿಲ್ಲ. ರಟ್ಟು ತೆಗೆದೆ, ಬ್ಯಾಟರಿ ಬಿಟ್ಟು ನೋಡಿದೆ, ನಾಲಗೆ ಲೊಚಗುಟ್ಟಿದೆ. ಇದನ್ನು ಯಾರು ತೊಳೆದರು ಎಂದು ಕೇಳಿದೆ.

ಎಲ್ಲರೂ ಸೊಸೆಯ ಕಡೆ ತಿರುಗಿದರು. ಆಕೆ ಕಂಬದ ಪಕ್ಕದಿಂದ ಮುಂದೆ ಬಂದಳು.

"ತೊಳ್ದಿಲ್ಲ ಅಣ್ಣ, ಒರಸ್ದೆ. ನೀವೇ ಯೋಳಿದ್ರಲ್ವಾ, ಬಟ್ಟೆ ಹಿಂಡಿ ಒರಸಿ ಅಂತ?"

"ನಾನ್ಯಾವಾಗ್ ಹೇಳ್ದೆನವ್ವಾ?" ಎಂದೆ.

ಇದನ್ನು ಬರೆಯುವಾಗಲೂ ಆ ಮಾತು ಎಷ್ಟು ಸಲೀಸಾಗಿ ಬಂತು ಎಂದು ಆಶ್ಚರ್ಯವಾಗುತ್ತದೆ. ಆಕೆ ಒಂದು ಕ್ಷಣ ನನ್ನ ಮುಖ ನೋಡಿ, ಮಾವನ ಕಡೆ ತಿರುಗಿದಳು.

"ಒರಸಿದ್ದು ಹಬ್ಬಕ್ಕೆ ಮಾವ. ಆವತ್ತಿಂದ ಇವರು ದಾರ ಕಟ್ಟಕ್ಕೆ ಬರೋಗಂಟ ಚೆಂದಾಗೇ ಆಡ್ತಿತ್ತು. ಕೆಟ್ಟಿದ್ದು ಆಮ್ಯಾಕೆ."

ಸರಿಯಾದ ಮಾತು. ಆ ಪಡಸಾಲೆಯಲ್ಲಿ ಅವತ್ತು ಆಡಿದ್ದರಲ್ಲಿ ಸರಿಯಾದದ್ದು ಅದೊಂದೇ. ನಾನು ತಲೆಯಾಡಿಸಿ, ನೀರು ಒಳಕ್ಕೆ ಇಳಿಯಲು ತಿಂಗಳು ಹಿಡಿಯುತ್ತದೆ ಬುದ್ಧಿ ಎಂದೆ. ಗಾಜಿನೊಳಗೆ ನೀರು ಇಳಿಯುವುದಾದರೆ ಅದು ವಾಲ್ವೇ ಅಲ್ಲ. ಆದರೆ ಅದನ್ನು ಹೇಳುವವರು ಅಲ್ಲಿ ಯಾರಿದ್ದರು?

"ಮೇಸ್ತ್ರಿ ಅದುನ್ನೇ ಓದ್ಕಂಡಿರೋನು, ಅವ್ನ್ ಸುಳ್ಳು ಯೋಳ್ತಾನಾ?" ಎಂದರು ದೊಡ್ಡಬಸಪ್ಪನವರು. "ಇನ್ನು ಇವ್ಳು ಅದುನ್ ಮುಟ್ಟಕೂಡದು."

ನಾನು ಹೊಸ ವಾಲ್ವ್ ಹಾಕಿದೆ. ರೇಡಿಯೊ ಚೆನ್ನಾಗಿ ಮಾತಾಡಿತು. ಅದನ್ನು ಎತ್ತಿ ಮಾವನ ಕೋಣೆಯ ಗೋಡೆಯಲ್ಲಿ ಎತ್ತರದ ಹಲಗೆಯ ಮೇಲೆ ಇಟ್ಟರು. ಹಲಗೆಯನ್ನು ಹೊಡೆದುಕೊಟ್ಟವನೂ ನಾನೇ. ಆಮೇಲೆ ಬೇರೆ ಕೆಲಸಕ್ಕೆ ಒಂದು ಮಧ್ಯಾಹ್ನ ಆ ಕಡೆ ಹೋಗಿದ್ದಾಗ ಹಿತ್ತಿಲಿನ ಹುಳದ ಮನೆ ದಾಟಿದೆ. ಹುಳಗಳು ಸೊಪ್ಪು ಮೇಯುವ ಸದ್ದು, ತುಂತುರು ಮಳೆಯ ಹಾಗೆ. ಆಕೆ ತಟ್ಟೆಯಿಂದ ತಟ್ಟೆಗೆ ಸೊಪ್ಪು ಹರಡುತ್ತಿದ್ದಳು. ರೇಡಿಯೊ ಕೋಣೆಯಲ್ಲಿ ಬಾಗಿಲು ಮುಚ್ಚಿಕೊಂಡು ಸುಮ್ಮನಿತ್ತು.

ಇಷ್ಟಕ್ಕೇ ನಿಲ್ಲಿಸಿದ್ದರೆ ನಾನು ಬರೀ ಕಳ್ಳ. ನನಗೆ ಮಾತಿನ ಚಪಲ ಬೇರೆ. ರಿಪೇರಿಗೆ ಹೋದಲ್ಲಿ ಗಿರಾಕಿ ಸುಮ್ಮನೆ ಕೂತು ನಮ್ಮ ಕೈಯನ್ನೇ ನೋಡುತ್ತಿದ್ದರೆ ಕೆಲಸ ಕೆಡುತ್ತದೆ, ಅವರನ್ನು ನಗಿಸುತ್ತಿರಬೇಕು. ಅದಕ್ಕೆ ಅಗರದ ಸೊಸೆ ಒದಗಿದಳು. ಮೊದಲ ಸಲ ಹೇಳಿದಾಗ ಆಕೆ ವಾಲ್ವನ್ನು ನೀರಲ್ಲಿ ತೊಳೆದಳು. ಹನೂರಿನ ಸಂತೆಯ ಹೋಟೆಲಿನಲ್ಲಿ ಸೀಗೆಪುಡಿ ಸೇರಿತು. ಯಳಂದೂರಿಗೆ ಬರುವಷ್ಟರಲ್ಲಿ ಹುಣಸೇಹಣ್ಣು. ಕೊನೆಗೆ ವಾಲ್ವುಗಳನ್ನು ತುಳಸಿಕಟ್ಟೆಯ ಮೇಲೆ ಬೋರಲು ಹಾಕಿ ಒಣಗಿಸಿದಳು ಎನ್ನುವಾಗ ಜನ ಹೊಟ್ಟೆ ಹಿಡಿದುಕೊಳ್ಳುತ್ತಿದ್ದರು. ತುಳಸಿಕಟ್ಟೆ ಆ ಮನೆಯಲ್ಲಿ ಇರಲೇ ಇಲ್ಲ.

ಮಾರ್ಟಳ್ಳಿಯಲ್ಲಿ ಆ ಕತೆ ನನ್ನ ಮಾನ ಉಳಿಸಿತು. ಅಲ್ಲಿಗೆ ಆಗ ಕರೆಂಟಿರಲಿಲ್ಲ, ಬ್ಯಾಟರಿ ರೇಡಿಯೊ. ಅದರಲ್ಲಿ ವಾಲ್ವ್ ಕಾಯಿಸುವುದಕ್ಕೆ ಸಣ್ಣ ಶಕ್ತಿಯ ಬ್ಯಾಟರಿ, ಉಳಿದದ್ದಕ್ಕೆ ದೊಡ್ಡ ಶಕ್ತಿಯದು. ನಾನು ಅವಸರದಲ್ಲಿ ತಂತಿ ಅದಲುಬದಲು ಮಾಡಿ ದೊಡ್ಡದನ್ನು ಸಣ್ಣದರ ಜಾಗಕ್ಕೆ ಕೊಟ್ಟೆ. ಪಕ್ ಎಂದು ಒಂದು ಮಿಂಚು. ಅಷ್ಟೂ ವಾಲ್ವು ಒಟ್ಟಿಗೆ ಹೋದವು. ಮನೆಯ ಯಜಮಾನರು ತಮಿಳು ಕನ್ನಡ ಎರಡೂ ಕಲಸಿ ಮಾತಾಡುವ ಮುದುಕರು. "ಎನ್ನಪ್ಪಾ ಅದು, ಬೆಳಕು ಬಂದಂಗಾಯ್ತು?" ಎಂದರು. ಕಾಯುತ್ತಿದೆ ತಾತ ಎಂದು ಹೇಳಿ, ಅವರು ರೇಡಿಯೊದ ಕಡೆ ನೋಡದಂತೆ ಅಗರದ ಸೊಸೆಯ ಕತೆ ತೆಗೆದೆ. ಅವರು ನಕ್ಕು ನಕ್ಕು ಕೆಮ್ಮು ಹತ್ತಿಸಿಕೊಂಡರು. ಅಷ್ಟರಲ್ಲಿ ರೇಡಿಯೊವನ್ನು ಚೀಲಕ್ಕೆ ತುಂಬಿ, ಸಾಮಾನು ಮದರಾಸಿನಿಂದ ಬರಬೇಕು ಎಂದು ಹೇಳಿ ಬಸ್ಸು ಹತ್ತಿದೆ. ನನ್ನ ತಪ್ಪು ಮುಚ್ಚಲು ಆಕೆಯನ್ನು ಮತ್ತೆ ಮತ್ತೆ ತೊಳೆಯಲು ಹಚ್ಚಿದೆ.

ಇನ್ನು ಹುಡುಗರ ಪ್ರಶ್ನೆ. ಅಗರದ ವಾಲ್ವು ನನ್ನ ಮನೆಯಲ್ಲಿ ವರ್ಷಗಟ್ಟಲೆ ಹಾಡಿತು. ಅದರಂಥ ದನಿ ಈ ಸೀಮೆಯಲ್ಲೇ ಇಲ್ಲ ಎಂದು ನಾನು ಎಲ್ಲರೆದುರೂ ಹೇಳಿಕೊಳ್ಳುತ್ತಿದ್ದೆ. ಟ್ರಾನ್ಸಿಸ್ಟರ್ ಬಂದು ಅಂಗಡಿಗೆ ಕೆಲಸ ಕಡಿಮೆಯಾದ ಕಾಲ. ರಾಚಪ್ಪನವರಿಗೆ ನನ್ನ ಬಡಾಯಿ ಕೇಳಿ ಕೇಳಿ ಸಾಕಾಗಿತ್ತು. ಆಂಪ್ಲಿಫೈಯರನ್ನೂ ವಾಲ್ವನ್ನೂ ಅಂಗಡಿಗೆ ತರಿಸಿದರು. ನಡುವೆ ತಮ್ಮ ಪಂಚೆ ಕಟ್ಟಿ, ನನ್ನನ್ನು ಈಚೆ ಕೂರಿಸಿದರು. ಆಚೆ ಅವರೇ ಕೂತು ಒಂದು ಸಲ ಅಗರದ್ದು, ಒಂದು ಸಲ ಪೆಟ್ಟಿಗೆಯಿಂದ ಆಗ ತಾನೇ ತೆಗೆದ ನಮ್ಮ ದೇಶದ್ದು, ಹೀಗೆ ಮನಸ್ಸಿಗೆ ಬಂದಂತೆ ಹಾಕಿ ಒಂದೇ ರೆಕಾರ್ಡು ನುಡಿಸಿದರು. ನಾನು ಹಳೆಯದು ಯಾವುದು ಎಂದು ಹೇಳಬೇಕು. ನಾನು ಕಣ್ಣು ಮುಚ್ಚಿ, ಹೋಟೆಲ್ ಸಿದ್ದಯ್ಯನ ಹಾಗೆಯೇ ತಲೆ ತೂಗಿ, ಇದೇ ಅಗರದ್ದು ಎಂದು ಮತ್ತೆ ಮತ್ತೆ ತೋರಿಸಿದ್ದು ಹೊಸದನ್ನು. ಪಂಚೆ ಸರಿಸಿ ರಾಚಪ್ಪನವರು ವಾಲ್ವ್ ತೋರಿಸಿದಾಗ ನಂಬಲಾಗಲಿಲ್ಲ. ಇನ್ನೊಂದು ಸಲ ಹಾಕಿಸಿದೆ. ಮತ್ತೆ ಹೊಸದನ್ನೇ ಆರಿಸಿದೆ.

"ನಿನ್ ಕಿವಿಗಿಂತ ನಿನ್ ಆಸೆ ದೊಡ್ದು ಕಣ್ಲಾ" ಎಂದರು. ಆ ವಾಲ್ವು ನನಗೆ ಎಲ್ಲಿಂದ ಬಂತು ಎಂದು ಅವರು ಕೇಳಲಿಲ್ಲ. ಕೇಳದೆ ಇದ್ದದ್ದರಿಂದಲೇ ಅವರಿಗೆ ತಿಳಿದಿತ್ತು ಎಂದುಕೊಳ್ಳುತ್ತೇನೆ.

ಆದ್ದರಿಂದ ಹುಡುಗರೇ, ಕೇಳಿ. ಹೊಸ ವಾಲ್ವಿನಲ್ಲಿ ಕೆಲವು ಒರಟಾಗಿ ಜೋಡಿಸಿದವು ಇರುತ್ತವೆ. ಕಡ್ಡಿಯಿಂದ ತಟ್ಟಿ ನೋಡಿ, ಗಂಟೆ ಬಾರಿಸುವವನ್ನು ಹಿಂದಕ್ಕೆ ಕೊಡಿ. ಹಳೆಯವನ್ನು ಚೆನ್ನಾಗಿಯೇ ಮಾಡುತ್ತಿದ್ದರು, ಆದರೆ ಎಷ್ಟು ದುಡಿದು ಬಂದಿದೆ ಎಂದು ಗಾಜು ಹೇಳುವುದಿಲ್ಲ, ಅಳೆದು ಕೊಳ್ಳಿ. ಹೆಸರು ನೋಡಿ ಕೊಳ್ಳಬೇಡಿ. ಹೆಸರನ್ನು ಒರೆಸಬಹುದು, ಈಗಿನ ಕಾಲದಲ್ಲಿ ಹೊಸದಾಗಿ ಅಚ್ಚೂ ಹಾಕಬಹುದು. ಜೀವವಿರುವ ಹೊಸದಕ್ಕೂ ಜೀವವಿರುವ ಹಳೆಯದಕ್ಕೂ ನಿಮ್ಮ ಕಿವಿ ಹಿಡಿಯುವಷ್ಟು ವ್ಯತ್ಯಾಸ ಅಪರೂಪ. ಸಾಯುತ್ತಿರುವ ವಾಲ್ವ್ ಮಾತ್ರ ಯಾರಿಗೂ ತಿಳಿಯುತ್ತದೆ. ಅಗರದ ಸೊಸೆಗೆ ಅದು ತಿಳಿದಿತ್ತು. ಯಾವ ದಿನದಿಂದ ಎಂಬುದೂ ತಿಳಿದಿತ್ತು.

ಪಂಚೆಯ ಆ ಪರೀಕ್ಷೆಯಾದ ಮೇಲೆ ವಾಲ್ವನ್ನು ಹತ್ತಿ ಸುತ್ತಿ ಡಬ್ಬಿಯಲ್ಲಿಟ್ಟೆ. ಅಗರಕ್ಕೆ ಹೋಗಿ ಕೊಟ್ಟು ಬರಬೇಕು ಎಂದುಕೊಂಡೆ. ಹೋಗಲಿಲ್ಲ. ಮುಂದೆ ಒಂದು ಬೇಸಿಗೆಯಲ್ಲಿ ಅಜ್ಜೀಪುರದ ಮನೆಯೊಂದರಿಂದ ಟ್ರಾನ್ಸಿಸ್ಟರ್ ರಿಪೇರಿಗೆ ಕರೆ ಬಂತು. ಯಜಮಾನ ಶಿವಣ್ಣ ಎಂಬವನು. ಜಗುಲಿಯ ಮೇಲೆ ಕೂತು ಬಿಚ್ಚುತ್ತಿದ್ದೆ. ಒಳಗಿನಿಂದ ಒಬ್ಬ ಹೆಂಗಸು ಮಜ್ಜಿಗೆ ತಂದಿಟ್ಟಳು. ತಲೆ ನರೆತಿತ್ತು, ಆದರೂ ಗುರುತು ಹತ್ತಿತು. ಅಗರದ ಸೊಸೆ, ತಮ್ಮನ ಮನೆಗೆ ಬಂದಿದ್ದಳು.

"ನಮ್ಮಕ್ಕನ ಕೈಗೆ ಮಾತ್ರ ಕೊಟ್ಬುಡಬ್ಯಾಡಿ ಮೇಸ್ತ್ರಿ" ಎಂದ ಶಿವಣ್ಣ ನಗುತ್ತಾ. "ತೊಳ್ದು ಒಣಗಾಕ್ಬುಟ್ಟಾಳು."

ಹುಟ್ಟಿದ ಮನೆಗೂ ನನ್ನ ಕತೆ ಆಕೆಗಿಂತ ಮುಂಚೆ ಬಂದು ಕೂತಿತ್ತು. ಅದನ್ನು ಕಟ್ಟಿದವನು ಎದುರಿಗಿದ್ದಾನೆ ಎಂಬುದು ಆ ಪುಣ್ಯಾತ್ಮನಿಗೆ ಗೊತ್ತಿರಲಿಲ್ಲ. ಶಿವಣ್ಣ ಹೊಸ ಸೆಲ್ಲು ತರಲು ಅಂಗಡಿಗೆ ಹೋದ. ಆಕೆ ಬಾಗಿಲಿಗೆ ಒರಗಿ ನಿಂತಳು.

"ಅಣ್ಣ, ಆ ವಾಲ್ವು ಈಗ್ಲೂ ಆಡ್ತದಾ?"

ಯಾವ ವಾಲ್ವವ್ವ ಎಂದೆ.

"ನಮ್ಮನೇದು. ನೀವು ಕರ್ಚೀಪಲ್ಲಿ ಸುತ್ತಿ ಚೀಲಕ್ಕೆ ಹಾಕಂಡಾಗ ನಾನು ಹುಳದ ಮನೆ ಬಾಗ್ಲಲ್ಲಿದ್ದೆ. ಕೆಟ್ಟೋಗಿದ್ ತಗದು ಒಳ್ಳೇದ್ ಹಾಕುದ್ರಿ ಅಂದ್ಕಂಡಿದ್ದೆ. ಆಮ್ಯಾಕ್ ತಿಳೀತು. ಯೋಳುದ್ರೆ ಯಾರು ನಂಬಾರು?"

ದನಿಯಲ್ಲಿ ಸಿಟ್ಟಿರಲಿಲ್ಲ. ಒಂದು ಒಳ್ಳೆಯ ಹಸು ಯಾರ ಕೊಟ್ಟಿಗೆಯಲ್ಲಿದೆ, ಚೆನ್ನಾಗಿದೆಯೇ ಎಂದು ವಿಚಾರಿಸುವ ಹಾಗೆ ಕೇಳಿದಳು. ಜಗುಲಿಯಲ್ಲಿ ನಾವಿಬ್ಬರೇ. ಒಂದು ಮಾತು ಸಾಕಾಗಿತ್ತು. ಆ ಮಾತನ್ನು ನಾನು ಎಷ್ಟೋ ಸಲ ಸೈಕಲ್ಲಿನ ಮೇಲೆ ಕೂತು ಅಭ್ಯಾಸವನ್ನೂ ಮಾಡಿದ್ದೆ. ಲೋಟ ಎತ್ತಿ ಒಂದು ಗುಟುಕು ಕುಡಿದು ನಾನು ಹೇಳಿದ್ದು ಇದು:

"ಮಜ್ಜಿಗೆಗೆ ಉಪ್ಪು ಒಂಚೂರು ಜಾಸ್ತಿ ಆಯ್ತು ಕಣವ್ವ."

ಆಕೆ ಲೋಟ ತೆಗೆದುಕೊಂಡು ಒಳಗೆ ಹೋಗಿ, ಸಪ್ಪೆ ಮಜ್ಜಿಗೆ ಬೆರೆಸಿ ತಂದುಕೊಟ್ಟಳು. ನಾನು ಕುಡಿದೆ. ಉಪ್ಪು ಮೊದಲೂ ಸರಿಯಾಗಿಯೇ ಇತ್ತು.

ಅದಾದ ಮೇಲೆ ನಾನು ಆಕೆಯನ್ನು ನೋಡಲಿಲ್ಲ. ಕೆಲವು ವರ್ಷಗಳ ಹಿಂದೆ ಆಕೆ ತೀರಿಹೋದಳೆಂದು ಯಳಂದೂರಿನ ಬಸ್ಸಿನಲ್ಲಿ ಯಾರೋ ಹೇಳಿದರು. ಹೇಳಿದವರು ಗುರುತಿಗಾಗಿ ಬಳಸಿದ್ದು ಅದೇ ಮಾತು: 'ರೇಡಿಯೊ ತೊಳೆದ ಸೊಸೆ'.

ಹುಡುಗರೇ, ಮುಂದೆ ಯಾರಾದರೂ ಹುಣಸೇಹಣ್ಣಿನ ಕತೆ ಹೇಳಿದರೆ ತಡೆದು ಹೇಳಿ. ಒರೆಸಲು ಹೇಳಿದವನು ರೇಡಿಯೊ ಮಾದೇವ, ಕದ್ದವನು ಅವನೇ, ಹೇಳಿಲ್ಲ ಎಂದವನೂ ಅವನೇ. ಆಕೆಯ ಹೆಸರನ್ನು ಅಗರದ ಮನೆಯಲ್ಲಿ ಯಾರೂ ಹಿಡಿದು ಕರೆದದ್ದು ನನಗೆ ಕೇಳಲಿಲ್ಲ. ನನ್ನ ಕತೆಯಲ್ಲೂ ಆಕೆಗೆ ಹೆಸರಿರಲಿಲ್ಲ. ಅವತ್ತು ಅಜ್ಜೀಪುರದಲ್ಲಿ, ನಾನು ಲೋಟ ಕೆಳಗಿಟ್ಟು ತಲೆ ತಗ್ಗಿಸಿ ಸ್ಕ್ರೂ ತಿರುಗಿಸುತ್ತಿದ್ದಾಗ, ಒಳಗಿನಿಂದ ಆಕೆಯ ತಾಯಿ ಆಕೆಯನ್ನು ಹೆಸರು ಹಿಡಿದು ಕೂಗಿದರು. ನಾನು ಕ್ಷಮೆ ಕೇಳಬೇಕಾಗಿದ್ದದ್ದು, ಕೇಳದೇ ಹೋದದ್ದು ಆಕೆಯನ್ನು: ಚೆನ್ನಾಜಮ್ಮ.